ಮೂರು ಸಲ ನಾಲ್ಕು ಗಂಟೆ ಕೇಳಿದ ಸರಸಕ್ಕ

ಸರಸಕ್ಕನಷ್ಟು ಶಿಸ್ತಾಗಿ ನಿದ್ದೆ ಮಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಶಿರಸಿ ಪೇಟೆಯ ಹಿಂದಿನ ಓಣಿಯಲ್ಲಿ ಅವರದೊಂದು ರಿಪೇರಿ ಅಂಗಡಿ. ಊಟವಾದ ಮೇಲೆ ಸ್ಟೂಲಿನ ಮೇಲೆ ನೆಟ್ಟಗೆ ಕೂತು, "ಏಳು ನಿಮಿಷ ಕಣ್ ಮುಚ್ತೆ, ಯಾರಾರೂ ಬಂದ್ರೆ ಕೂರ್ಸು" ಎನ್ನುವರು. ಎಂಟನೆಯ ನಿಮಿಷಕ್ಕೆ ಬೆಸುಗೆ ಕಡ್ಡಿ ಕೈಯಲ್ಲಿರುತ್ತಿತ್ತು. ಯಲ್ಲಾಪುರದ ತಂಗಿಯ ಮನೆಯಿಂದ ಬರುವಾಗ ಬಸ್ಸು ಹೊರಟೊಡನೆ ಗೊರಕೆ; ಶಿರಸಿ ನಿಲ್ದಾಣಕ್ಕೆ ತಿರುಗುವ ಮೊದಲೇ ಚೀಲ ಹೆಗಲಿಗೆ. ದೂರವಾಣಿ ಕೇಂದ್ರದಲ್ಲಿ ಮೂವತ್ತು ವರ್ಷ ಪಾಳಿ ಮಾಡಿದ್ದರ ಫಲ ಇದು ಎಂದು ಅವರ ವಾದ. ಹುಟ್ಟುಗುಣ ಎಂದು ನನ್ನದು.

ನಾನು ಎಲೆಕ್ಟ್ರಾನಿಕ್ಸ್ ಓದಿ, ಅವರ ಮೇಜಿನ ಅರ್ಧವನ್ನು ನನ್ನದು ಮಾಡಿಕೊಂಡು ಕೂತವಳು. ಓದಿನ ಜಂಭ ಬೇಕಾದಷ್ಟಿತ್ತು. ಆ ಜಂಭದಲ್ಲೇ ಸಿದ್ದಾಪುರ ತಾಲೂಕಿನ ಮನ್ಮನೆ ಕಡೆಯ ಒಂದು ಕೇರಿಗೆ ಮೂರು ಪೆಟ್ಟಿಗೆ ಮಾಡಿಕೊಟ್ಟೆ. ಆ ಕೇರಿಯ ನೀರುಗಂಟಿ ಬಂಗಾರ್ಯ ನಾಯ್ಕ, ಗುಡ್ಡದ ಮೇಲಿನ ಒರತೆಯ ತೊಟ್ಟಿಯಲ್ಲಿ ನೀರೆಷ್ಟಿದೆ ಎಂದು ನೋಡಲು ದಿನಕ್ಕೆ ಮೂರು ಸಲ ಹತ್ತುತ್ತಿದ್ದ. ಅವನ ಬಲ ಮೊಣಕಾಲು ಊದಿ ತೆಂಗಿನಕಾಯಿ ಗಾತ್ರವಾಗಿತ್ತು. ನನ್ನ ಪೆಟ್ಟಿಗೆಗಳು ಅವನ ಬದಲು ನೀರು ನೋಡಬೇಕು. ಒರತೆಯ ಪೆಟ್ಟಿಗೆ ಇಳಿಜಾರಿನ ನಡುವಿನ ಮನೆಯ ಪೆಟ್ಟಿಗೆಗೆ ಹೇಳುವುದು, ಅದು ಬುಡದ ಕೆಳಗಿನ ಮನೆಯ ಪೆಟ್ಟಿಗೆಗೆ, ಕೆಳಗಿನದು ಬಂಗಾರ್ಯಣ್ಣನ ಫೋನಿಗೆ. ತಂತಿಯ ಗೊಡವೆ ಇಲ್ಲ. ಬ್ಯಾಟರಿ ಉಳಿಯಲೆಂದು ಮೂರೂ ಸದಾ ಮಲಗಿದ್ದು, ಗಂಟೆಗೊಮ್ಮೆ ಮಾತ್ರ ಎದ್ದು, ಮಾತು ಮುಗಿಸಿ ಮತ್ತೆ ಮಲಗಬೇಕು.

ಫೋನಿಗೆ ನೀರಿನ ಸುದ್ದಿ ಬರಲೇ ಇಲ್ಲ; ವರ್ಷ ಬರಬೇಕಿದ್ದ ಬ್ಯಾಟರಿ ಹದಿನೈದು ದಿನಕ್ಕೆ ಸತ್ತಿತು. ಹೊಸತು ಹಾಕಿದೆ, ಮತ್ತೆ ಹದಿನೈದು ದಿನ. ಮೂರನೆಯ ಸಲ ಊರಿನ ಕಮಿಟಿಯವರು, ಇನ್ನೊಮ್ಮೆ ಸತ್ತರೆ ಪೆಟ್ಟಿಗೆ ಕಿತ್ತು ಕೊಡುತ್ತೇವೆ, ಬಂಗಾರ್ಯ ಹತ್ತಲಿ ಎಂದುಬಿಟ್ಟರು. ಬಂಗಾರ್ಯಣ್ಣ ಪಂಚೆ ಎತ್ತಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನೋಡನ ನಡಿ ಕೂಸೆ" ಎಂದು ಮರುದಿನ ಸರಸಕ್ಕ ಅಂಗಡಿಗೆ ಬೀಗ ಹಾಕಿದರು. ಗುಡ್ಡ ಹತ್ತಿ ಒರತೆಯ ಪೆಟ್ಟಿಗೆ ಬಿಚ್ಚಿ, ಬೆಸುಗೆಯೆಲ್ಲ ಮುಟ್ಟಿ ನೋಡಿ ಮುಚ್ಚಿದರು. ಪಕ್ಕದ ಮೇಲಿನ ಮನೆಯಲ್ಲಿ ಚಹಾ ಕುಡಿದು ಏಳುವಾಗ ಗೋಡೆ ಗಡಿಯಾರ ನಾಲ್ಕು ಹೊಡೆಯಿತು. ಕಾಲು ಗಂಟೆ ಇಳಿದು ನಡುವಿನ ಮನೆಯ ಅಂಗಳಕ್ಕೆ ಕಾಲಿಟ್ಟರೆ ಅಲ್ಲೂ ನಾಲ್ಕು ಹೊಡೆಯಿತು. ಸರಸಕ್ಕ ನನ್ನ ಮುಖ ನೋಡಿದರು. ಚಹಾ ಬೇಡವೆಂದು, ಕೂರದೆ, ದಾಪುಗಾಲು ಹಾಕಿದರು. ಇನ್ನೊಂದು ಕಾಲು ಗಂಟೆಗೆ ಬಸ್ ನಿಲ್ದಾಣದ ಎದುರಿನ ಕೆಳಗಿನ ಮನೆ ಮುಟ್ಟಿದೆವು. ಮೂರನೆಯ ಸಲ ನಾಲ್ಕು ಹೊಡೆಯಿತು!

ಸರಸಕ್ಕ ಜಗುಲಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಆ ಕೇರಿಯಲ್ಲಿ ನಿಲ್ದಾಣಕ್ಕೆ ಎಷ್ಟು ನಿಮಿಷದ ನಡಿಗೆಯೋ ಅಷ್ಟು ನಿಮಿಷ ಗಡಿಯಾರವನ್ನು ಮುಂದಿಡುವುದು ರೂಢಿ. ಎಂಟರ ಬಸ್ಸಾದರೆ ಮನೆಯ ಗಡಿಯಾರದಲ್ಲಿ ಎಂಟಾದಾಗ ಹೊರಟರಾಯಿತು, ಲೆಕ್ಕ ಹಾಕುವ ತಲೆನೋವಿಲ್ಲ. ಮೇಲಿನ ಮನೆಯದು ಅರ್ಧ ಗಂಟೆ ಮುಂದೆ, ನಡುವಿನದು ಕಾಲು ಗಂಟೆ. ನಾನು ಮಹಾ ಬುದ್ಧಿವಂತೆ, ಪೆಟ್ಟಿಗೆ ತಮ್ಮದೆಂಬ ಪ್ರೀತಿ ಹುಟ್ಟಲಿ ಎಂದು, ಪ್ರತಿ ಪೆಟ್ಟಿಗೆಗೂ ಹತ್ತಿರದ ಮನೆಯವರ ಕೈಯಿಂದಲೇ ಅವರ ಗಡಿಯಾರ ನೋಡಿ ಸಮಯ ಹಾಕಿಸಿದ್ದೆ. ಒಂದು ಪೆಟ್ಟಿಗೆ ಎದ್ದು ಕರೆಯುವಾಗ ಇನ್ನೊಂದು ಗಾಢ ನಿದ್ದೆಯಲ್ಲಿ. ಉತ್ತರ ಬಾರದಿದ್ದರೆ ಹತ್ತು ನಿಮಿಷ ಕರೆಯುತ್ತಲೇ ಇರು ಎಂದು ಕಲಿಸಿದವಳೂ ನಾನೇ. ಕೂಗಿ ಕೂಗಿ ಬ್ಯಾಟರಿ ಸಾಯುತ್ತಿತ್ತು.

"ಪೆಟ್ಟಿಗೆ ಸರಿ ಇದ್ದು. ಗಡಿಯಾರನೂ ಸರಿ ಇದ್ದು, ಮೂರೂ ಬಸ್ಸಿಗೆ ಸರಿ ಇದ್ದು" ಎಂದು ಸರಸಕ್ಕ ಮತ್ತೆ ನಕ್ಕರು. "ಮಲಗದು ಯಾರಿಗೂ ಬತ್ತು ಕೂಸೆ. ಮಾತಾಡವು ಹೇಳಾದ್ರೆ ಇಬ್ರೂ ಒಟ್ಟಿಗೇ ಏಳವು."

ಮಾತಾಡಬೇಕಾದವರು ಒಟ್ಟಿಗೇ ಏಳಬೇಕು ಎಂಬಷ್ಟೂ ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಮೂರಕ್ಕೂ ಈಗಲೇ ಒಂದೇ ಸಮಯ ಹಾಕುತ್ತೇನೆ ಎಂದೆ. ಸಾಲದು ಎಂದರು. ಒರತೆಯದು ತಣ್ಣಗೆ ನೆರಳಲ್ಲಿದೆ, ಕೆಳಗಿನದು ಬಿಸಿಲಲ್ಲಿ ಕಾಯುತ್ತದೆ; ಒಳಗಿನ ಗಡಿಯಾರಗಳು ದಿನಕ್ಕಿಷ್ಟು ಜಾರಿ, ತಿಂಗಳೊಪ್ಪತ್ತಿನಲ್ಲಿ ಮತ್ತೆ ತಪ್ಪಿಹೋಗುತ್ತವೆ. "ಎಂಗ ಟ್ರಂಕ್ ಕಾಲ್ ಕೊಡಕಾದ್ರೆ ಮೊದ್ಲು ಆಚೆ ಕೇಂದ್ರದ ಹತ್ರ ಗಂಟೆ ಕೇಳ್ಕಂಡು ಗಡಿಯಾರ ಹೊಂದಿಸ್ತಿದ್ಯ, ಆಮೇಲೆ ಬಾಕಿ ಮಾತು." ಹಾಗೆಯೇ ಮಾಡಿದೆವು. ಕೆಳಗಿನ ಪೆಟ್ಟಿಗೆ ಫೋನಿನಿಂದ ಸಮಯ ಪಡೆದು ನಡುವಿನದಕ್ಕೆ ಹೇಳುವುದು, ನಡುವಿನದು ಮೇಲಿನದಕ್ಕೆ. ಪ್ರತಿ ಭೇಟಿಯಲ್ಲೂ ಇದೇ ಮೊದಲ ಮಾತು. ಜೊತೆಗೆ, ಕೇಳಬೇಕಾದ ಪೆಟ್ಟಿಗೆ ಗೊತ್ತುಮಾಡಿದ ಹೊತ್ತಿಗಿಂತ ತುಸು ಮುಂಚೆಯೇ ಎದ್ದು ಕಿವಿಗೊಟ್ಟಿರಬೇಕು. ಮನೆಯ ಗಡಿಯಾರಗಳನ್ನು ಮಾತ್ರ ಸರಸಕ್ಕ ಮುಟ್ಟಗೊಡಲಿಲ್ಲ.

ಹದಿನೈದು ದಿನ ಕಳೆಯಿತು, ತಿಂಗಳು ಕಳೆಯಿತು, ವರ್ಷ ಕಳೆಯಿತು. ಬ್ಯಾಟರಿ ಸಾಯಲಿಲ್ಲ. ಬಂಗಾರ್ಯಣ್ಣನ ಮೊಣಕಾಲಿನ ಊತ ಇಳಿಯಿತು. ಅವನು ಒಂದು ದಿನ ಬುಟ್ಟಿ ತುಂಬ ಸೌತೆಕಾಯಿ ಹೊತ್ತು ಶಿರಸಿಗೆ ಬಂದು, ಅಂಗಡಿಯ ಮುಂದೆ ಬೈಠಕ್ ಹೊಡೆದು ತೋರಿಸಿದ. ಓಣಿಯವರೆಲ್ಲ ಚಪ್ಪಾಳೆ ತಟ್ಟಿದರು. ಸರಸಕ್ಕ ಸೌತೆಕಾಯಿ ಹಂಚುತ್ತ, "ಹನ್ನೊಂದಾತು, ಸಾಕು ಮಾರಾಯ, ಆ ಕಾಲಿಗೆ ಆನು ಗ್ಯಾರಂಟಿ ಕೊಡ್ತಿಲ್ಲೆ" ಎಂದು ಕೂಗುತ್ತಿದ್ದರು. ನಾನು ಅವರನ್ನು ಅಷ್ಟು ಖುಷಿಯಲ್ಲಿ ನೋಡಿದ್ದು ಅದೇ ಕೊನೆ.

ಹೋದ ವರ್ಷ ಯಲ್ಲಾಪುರದಲ್ಲಿ ಅವರು ತೀರಿಕೊಂಡರು. ಬೆಳಿಗ್ಗೆ ಬಂಗಾರ್ಯಣ್ಣನಿಗೆ ಫೋನಿನಲ್ಲಿ ಸುದ್ದಿ ತಿಳಿಸಿದೆ. ಮಧ್ಯಾಹ್ನ ಅವನೇ ಫೋನು ಮಾಡಿದ, ಒಂದೇ ಸಮ ಏದುಸಿರು. ಗುಡ್ಡ ಹತ್ತಿ ಒರತೆಯ ಹತ್ತಿರ ಕೂತಿದ್ದ.

"ಎಂತಕ್ಕೆ ಹತ್ತಿದ್ಯೋ? ನೀರಿನ ಮಟ್ಟ ನಿನ್ನ ಫೋನಿಗೇ ಬರ್ತಲ್ಲ" ಎಂದು ಗದರಿದೆ.

"ನೀರು ನೋಡಕ್ಕೆ ಬಂದಿದ್ದಲ್ಲ ತಂಗಿ," ಎಂದ. "ಅವ್ರು ಉಳಿಸಿಕೊಟ್ಟ ಕಾಲು ಇದು. ಇವತ್ತೊಂದಿನ ಅವ್ರಿಗೇ ಅಂತ ಹತ್ತಿದೆ."