ಹೂಳುವುದು ನಮ್ಮ ಸಂಸ್ಕೃತಿಯಲ್ಲ

ನಮ್ಮ ಮಾವ ಈರಣ್ಣನವರಿಗೆ ಕ್ರೈಸ್ತರನ್ನು ಕಂಡರೆ ಆಗುವುದಿಲ್ಲ. ಯಾಕೆ ಎಂದು ಕೇಳಿದರೆ ಒಂದೇ ಕಾರಣ ಹೇಳುವ ಬಡವರಲ್ಲ ಅವರು. ಕಾರಣಗಳ ದಾಸ್ತಾನೇ ಇದೆ. ಮೂವತ್ತಾರು ವರ್ಷ ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಕ್ಲಾರ್ಕ್ ಆಗಿದ್ದವರು. ನಟ್ಟು ಕೇಳಿದವನಿಗೆ ನಟ್ಟು, ವಾಶರ್ ಕೇಳಿದವನಿಗೆ ವಾಶರ್ ತೆಗೆದುಕೊಟ್ಟ ಕೈ. ಈಗಲೂ ಎದುರಿಗೆ ಬಂದವರ ಅಳತೆ ನೋಡಿ ಕಾರಣ ತೆಗೆದುಕೊಡುತ್ತಾರೆ. ಬೆಳಗಿನ ವಾಕಿಂಗಿನ ಮುದುಕರಿಗೆ ವಿದೇಶದ ದುಡ್ಡಿನ ಕಾರಣ. ಸೊಸೈಟಿಯ ಹೆಂಗಸರಿಗೆ, ಅವರು ಪೂಜೆಯಲ್ಲಿ ಸೆರೆ ಕುಡಿಯುತ್ತಾರೆ ಎಂಬ ಕಾರಣ. ಹುಡುಗರಿಗೆ, ಅಕ್ಕಿ ಕೊಟ್ಟು ಜಾತಿ ಕೆಡಿಸುತ್ತಾರೆ ಎಂಬುದು. ಸೊಸೆಯಾದ ನನಗೆ ಮಾತ್ರ ಒಂದು ಪುಕ್ಕಟೆ ಕಾರಣ ಉಳಿಸಿಟ್ಟಿದ್ದರು: "ಬೂಟ ಹಾಕ್ಕೊಂಡ ದೇವರ ಮುಂದ ನಿಂದರ್ತಾರ ನೋಡ ಮಾಧುರಿ, ಅಂಥಾ ಮಂದಿ!"

ಹದಿನಾಲ್ಕು ವರ್ಷ ರೊಟ್ಟಿ ಬಡಿಯುತ್ತ ಇದನ್ನೆಲ್ಲ ಕೇಳಿದ್ದೇನೆ. ಒಂದು ಕಿವಿಯಿಂದ ಕೇಳಿ ಇನ್ನೊಂದರಿಂದ ಬಿಟ್ಟಿದ್ದೇನೆ ಎಂದರೆ ಸುಳ್ಳು. ಅರ್ಧ ಒಳಗೇ ಉಳಿದಿದೆ, ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಇಷ್ಟೆಲ್ಲ ದ್ವೇಷವಿದ್ದ ಮನುಷ್ಯನಿಗೆ ಗೊತ್ತಿದ್ದ ಕ್ರೈಸ್ತ ಒಬ್ಬನೇ. ನಮ್ಮದೇ ಸೊಸೈಟಿಯ, ನಮ್ಮದೇ ವಿಂಗಿನ ದೇವಮಿತ್ರ ಕಾಕಾ. ಗದಗ-ಬೆಟಗೇರಿಯವರು, ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಇಬ್ಬರೂ ಒಂದೇ ವರ್ಷ ಪುಣೆಗೆ ಬಂದು, ಚಿಂಚವಾಡ ಸ್ಟೇಶನ್ನಿನ ಹತ್ತಿರ ಒಂದೇ ಖೋಲಿಯಲ್ಲಿ ಎರಡು ವರ್ಷ ಇದ್ದರು. ಒಬ್ಬ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ಇನ್ನೊಬ್ಬ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದ, ಆಮೇಲೆ ಇಬ್ಬರೂ ಒಂದೇ ಡಬ್ಬಿಯ ಕೆಂಪು ಚಟ್ನಿ ತಿನ್ನುತ್ತಿದ್ದರಂತೆ. ಒಮ್ಮೆ ಮಾವ ತಮಾಷೆಗೆ ಅಕ್ಕಿಯ ಮಾತು ತೆಗೆದಾಗ ಕಾಕಾ ನಕ್ಕು ಹೇಳಿದ್ದು ನನಗೆ ನೆನಪಿದೆ.

"ಈರಣ್ಣಾ, ಬೆಟಗೇರ್ಯಾಗ ಅಕ್ಕಿ ಎಲ್ಲಿತ್ತೊ? ರೊಟ್ಟಿ ಬಿಟ್ಟು ಅನ್ನ ಉಂಡ್ರ ನಮ್ಮ ಮುತ್ತ್ಯಾಗ ಹೊಟ್ಟೀನ ತುಂಬ್ತಿರಲಿಲ್ಲ. ಮಿಷನ್ನಿನವರು ಅವಗ ಬಾವ್ಯಾಗಿನ ನೀರು ಸೇದಾಕ ಬಿಟ್ರು. ಅಷ್ಟ. ನಿಮ್ಮ ಮುತ್ತ್ಯಾ ಬಿಟ್ಟಿದ್ರ ನಮ್ಮ ಮುತ್ತ್ಯಾ ಎಲ್ಲಿಗೂ ಹೋಗ್ತಿರಲಿಲ್ಲ."

ಮಾವ ಆ ದಿನ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಆದರೂ ಸ್ನೇಹ ಮುರಿದದ್ದು ಅದರಿಂದಲ್ಲ.

ಮುರಿದದ್ದು ಏಳು ವರ್ಷದ ಹಿಂದೆ, ನಮ್ಮ ಅತ್ತೆ ಚನ್ನಬಸವ್ವ ತೀರಿಕೊಂಡ ಮೂರನೆಯ ದಿನ. ಮನೆಯಲ್ಲಿ ದುಃಖಕ್ಕೆ ಬಂದವರಿಗೆ ಹಾಸಿದ ಚಾಪೆ ಇನ್ನೂ ಎತ್ತಿರಲಿಲ್ಲ. ಕಾಕಾನ ಚರ್ಚಿನ ಪಾಸ್ಟರ್, ಬೆಂಗಳೂರಿನ ಕಡೆಯ ತರುಣ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು ಮಾವನ ಎದುರಿಗೆ ಕೂತ. "ಅಮ್ಮಾವ್ರು ಸಾಯೋ ಮುಂಚೆ ರಕ್ಷಣೆ ಹೊಂದಿದ್ರಾ ಸರ್?" ಎಂದ. ಮಾವನಿಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಏಸುವನ್ನು ಒಪ್ಪದೆ ಹೋದವರು ಎಲ್ಲಿಗೆ ಹೋಗುತ್ತಾರೆ ಎಂದು ಹೇಳಲು ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿ, ತಲೆ ತಗ್ಗಿಸಿದ. ನಿಲ್ಲಿಸಿದ್ದರಲ್ಲೇ ಎಲ್ಲ ಇತ್ತು. ಮದುವೆಯಾಗಿ ಬಂದ ಮೂವತ್ತೇಳು ವರ್ಷ ನಮ್ಮ ಅತ್ತೆ ಒಂದು ಹೊತ್ತೂ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕಿದವರಲ್ಲ. ಅವರ ವಿಳಾಸ ನಿನ್ನೆ ಮೊನ್ನೆ ಮೀಸೆ ಬಂದ ಈ ಹುಡುಗನಿಗೆ ಗೊತ್ತು! ಹೋಗುವಾಗ ಒಂದು ಕರಪತ್ರವನ್ನೂ ಇಟ್ಟುಹೋದ. ನಾನು ಬಾಗಿಲನ್ನು ಅವನ ಬೆನ್ನಿಗೆ ಬಡಿಯುವ ಹಾಗೆಯೇ ಹಾಕಿದೆ. ಸ್ವಲ್ಪದರಲ್ಲಿ ತಪ್ಪಿಸಿಕೊಂಡ.

ಮಾವ ಈ ಕಾರಣವನ್ನು ವರ್ಷಗಟ್ಟಲೆ ಯಾರಿಗೂ ಹೇಳಲಿಲ್ಲ. ದಾಸ್ತಾನಿನಲ್ಲಿ ಖರೇ ಮಾಲು ಇದೊಂದೇ, ಅದನ್ನು ಒಳಗಿಟ್ಟು ಬೀಗ ಹಾಕಿ, ವಾಟ್ಸಾಪಿನಲ್ಲಿ ಬಂದ ಹುಸಿ ಮಾಲನ್ನು ಊರಿಗೆಲ್ಲ ಹಂಚಿದರು. ದೇವಮಿತ್ರ ಕಾಕಾ ಎದುರಿಗೆ ಬಂದರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದರು. ನಾಲ್ಕನೆಯ ಮಹಡಿ, ಮಂಡಿನೋವು ಬೇರೆ.

ಹೋದ ವರ್ಷ ಗಣಪತಿ ಹಬ್ಬ ಮುಗಿದ ಮೇಲೆ ಸೊಸೈಟಿಯ ಹಿಂದಿನ ಖಾಲಿ ಜಾಗದಲ್ಲಿ ಪಾಲಿಕೆಯವರು ಬೋರ್ಡು ನೆಟ್ಟರು: ದಫನಭೂಮಿಗಾಗಿ ಕಾಯ್ದಿರಿಸಿದೆ. ಹೆಣ ಹೂಳುವ ಜಾಗ ಎಂದರ್ಥ. ಚರ್ಚಿನವರು ಅರ್ಜಿ ಹಾಕಿದ್ದಾರಂತೆ ಎಂಬ ಸುದ್ದಿ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಬಂತು. ನಮ್ಮ ಮಾವನಿಗೆ ರಿಟೈರ್ ಆದ ಮೇಲೆ ಮೊದಲ ಸಲ ಡ್ಯೂಟಿ ಸಿಕ್ಕಂತಾಯಿತು. ಎರಡು ದಿನ ಕೂತು ಮರಾಠಿಯಲ್ಲಿ ಮನವಿ ಬರೆದರು. ಹೂಳುವುದರಿಂದ ಬೋರಿನ ನೀರು ಕೆಡುತ್ತದೆ, ಮಕ್ಕಳು ಹೆದರುತ್ತವೆ, ಫ್ಲ್ಯಾಟಿನ ರೇಟು ಇಳಿಯುತ್ತದೆ. ಕೊನೆಗೆ ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿ: ಶವ ಹೂಳುವುದು ನಮ್ಮ ಸಂಸ್ಕೃತಿಯಲ್ಲ, ಅಗ್ನಿಸಂಸ್ಕಾರವೇ ನಮ್ಮ ಸಂಸ್ಕೃತಿ. ಇಳಿವಯಸ್ಸಿನಲ್ಲಿ ಏಳು ಕಟ್ಟಡದ ಮೆಟ್ಟಿಲು ಹತ್ತಿಳಿದು ಮುನ್ನೂರು ಚಿಲ್ಲರೆ ಸಹಿ ತಂದರು. ವಾರ್ಡ್ ಕಚೇರಿಗೆ ಕೊಟ್ಟು, ಕೊಡುವ ಫೋಟೊ ತೆಗೆಸಿ, ಗ್ರೂಪಿಗೆ ಹಾಕಿದರು. ಗಂಡ ಶಿವಪ್ರಕಾಶ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಬ್ಬರಿಗೂ ಏನೋ ಎಡವಟ್ಟಾಗಿದೆ ಎನ್ನಿಸಿತ್ತು, ಏನೆಂದು ಹೊಳೆಯಲಿಲ್ಲ.

ಹೊಳೆದದ್ದು ಆಯಿಗೆ. ಮಾವನ ತಾಯಿ ಬಸವಣ್ಣೆವ್ವ, ತೊಂಬತ್ತೆರಡು ವರ್ಷ. ಕಿವಿ ಮಂದ, ಬುದ್ಧಿ ಅಲ್ಲ. ಊಟಕ್ಕೆ ಕೂತಾಗ, "ಅದೇನ ಬರ್ದೀಪಾ ಅಷ್ಟ ದೊಡ್ಡ ಕಾಗದಾ? ಓದಿ ಹೇಳಲಾ" ಎಂದರು. ಮಾವ ಉಬ್ಬಿಹೋಗಿ, ಒಂದೊಂದೇ ಸಾಲನ್ನು ಕನ್ನಡ ಮಾಡಿ ದೊಡ್ಡ ದನಿಯಲ್ಲಿ ಹೇಳಿದರು. ಕೆಂಪು ಗೆರೆಯ ಸಾಲು ಬಂತು. ಆಯಿ ಕೈಯಲ್ಲಿದ್ದ ತುತ್ತು ತಾಟಿಗೆ ಇಟ್ಟರು.

"ಹೂಳೂದು ನಮ್ಮದಲ್ಲಾ?"

"ಅಲ್ಲ ಯವ್ವಾ."

"ಹಂಗಾರ ನಿಮ್ಮಪ್ಪನ್ನ ಏನ ಮಾಡಿದ್ವೋ, ಉಪ್ಪಿನಕಾಯಿ ಹಾಕಿದ್ವೇನು?"

ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದೆ. ಲಿಂಗಾಯತರು ನಾವು, ನಮ್ಮಲ್ಲಿ ಯಾರನ್ನು ಸುಟ್ಟಿದ್ದಾರೆ? ಸತ್ತವರನ್ನು ಕೂರಿಸಿ, ಎಡ ಅಂಗೈಯಲ್ಲಿ ಅವರ ಲಿಂಗ ಇಟ್ಟು, ವಿಭೂತಿ ಬಿಲ್ವಪತ್ರಿ ಹಾಕಿ ಮಣ್ಣಿಗೆ ಕೊಡುವವರು ನಾವು. ಏಳು ವರ್ಷದ ಹಿಂದೆ ಸ್ವಂತ ಹೆಂಡತಿಯನ್ನು ಹೂತು ಬಂದ ಮನುಷ್ಯ, ಗ್ರೂಪಿನಲ್ಲಿ ದಿನಕ್ಕೆ ನಲವತ್ತು ಸಂದೇಶ ಓದಿ ಓದಿ, ತಮ್ಮ ಜಾತಿ ಹೂಳುವ ಜಾತಿ ಎಂಬುದನ್ನೇ ಮರೆತುಬಿಟ್ಟಿದ್ದರು!

ನಗು ಎಷ್ಟು ಹೊತ್ತು? ಒಂದು ತಿಂಗಳಿಗೆ ಪಾಲಿಕೆಯ ಪತ್ರ ಬಂತು. ನಾಗರಿಕರ ಮನವಿಯ ಮೇರೆಗೆ ಆ ಜಾಗದಲ್ಲಿ ಯಾವ ಸಮುದಾಯದ ಶವವನ್ನೂ ಹೂಳಲು ಅನುಮತಿ ಇಲ್ಲ. ಬೋರ್ಡು ನೆಡುವಾಗ ಪಾಲಿಕೆ ಹೊರಡಿಸಿದ್ದ ಪ್ರಕಟಣೆಯ ಎರಡನೆಯ ಪುಟವನ್ನು ಶಿವಪ್ರಕಾಶ ಹುಡುಕಿ ತೆಗೆದ. ಜಾಗವನ್ನು ಎರಡು ಪಾಲು ಮಾಡಬೇಕೆಂದಿತ್ತು. ಒಂದು ಕ್ರೈಸ್ತರಿಗೆ, ಇನ್ನೊಂದು ಲಿಂಗಾಯತರಿಗೆ. ಹೊಳೆಯಾಚೆಯ ನಮ್ಮ ಸ್ಮಶಾನ ಅತ್ತೆಯ ನಂತರ ತುಂಬಿಹೋಗಿತ್ತು, ನಮ್ಮ ಸಮಾಜದವರು ನಾಲ್ಕು ವರ್ಷ ಓಡಾಡಿ ಗಿಟ್ಟಿಸಿದ್ದ ಪಾಲು ಅದು. ಎರಡನೆಯ ಪುಟ ತಿರುವಿ ನೋಡುವ ತಾಳ್ಮೆ ಮಾವನಿಗೆ ಇರಲಿಲ್ಲ, ಮೊದಲ ಪುಟದಲ್ಲಿ ಚರ್ಚ್ ಎಂಬ ಮಾತು ಸಿಕ್ಕಿತ್ತಲ್ಲ.

ಆಯಿಗೆ ಹೇಳಬಾರದೆಂದು ಮಾಡಿದೆವು. ಅವರಿಗೆ ಗೊತ್ತಾಯಿತು. ಅವತ್ತಿನಿಂದ ಒಂದೇ ಮಾತು.

"ಊರಾಗ ನಿಮ್ಮಪ್ಪನ ಸಮಾಧಿ ಆಲಮಟ್ಟಿ ಹಿನ್ನೀರಾಗ ಮುಳುಗಿತು. ಅಂವ ನೀರಾಗ ಹ್ವಾದ. ನಾ ಬೆಂಕ್ಯಾಗ ಹೋಗಬೇಕೇನೋ ಈರಣ್ಣಾ? ನನಗ ಸುಡಬ್ಯಾಡ. ಮೂರ ಮೊಳ ಮಣ್ಣ ಕೊಡಸ."

ಮಗನಿಗೆ ತಾಯಿ ಜೀವಮಾನದಲ್ಲಿ ಬೇರೇನೂ ಕೇಳಿರಲಿಲ್ಲ. ಬಾಗಲಕೋಟೆಯ ಬಳಗಕ್ಕೆಲ್ಲ ಫೋನು ಹೋಯಿತು. ಪುನರ್ವಸತಿಯ ಸೈಟಿನಲ್ಲಿ ಅವರಿಗೇ ಕಾಲು ಚಾಚಲು ಜಾಗವಿಲ್ಲ. ಹೊಲವಿದ್ದ ಒಬ್ಬನ ತಮ್ಮ ಬೇಡವೆಂದ.

ಮಾವ ಮತ್ತೆ ಅದೇ ಏಳು ಕಟ್ಟಡ ಹತ್ತಲು ಹೊರಟರು, ಈ ಸಲ ಮನವಿ ಹಿಂದೆ ತೆಗೆದುಕೊಳ್ಳುವ ಮನವಿಗೆ ಸಹಿ ಕೇಳಲು. ಜೊತೆಗೆ ನಾನೂ ಹೋದೆ. ಮಜಾ ನೋಡಲು ಎಂದು ಒಪ್ಪಿಕೊಳ್ಳುತ್ತೇನೆ. ಮೊದಲ ಬಾಗಿಲಲ್ಲೇ ಕುದಳೆ ಕಾಕೂ, "ಕಾಕಾ, ತುಮ್ಹೀಚ ಸಾಂಗಿತಲಂತ ನಾ?" ಎಂದರು. ನೀವೇ ಹೇಳಿದ್ದಲ್ಲವೇ, ಬೋರಿನ ನೀರು ಕೆಡುತ್ತದೆ ಎಂದು? ಮಾವ, ಲಿಂಗಾಯತರನ್ನು ಹೂತರೆ ಕೆಡುವುದಿಲ್ಲ ಎಂದು ಹೇಳಹೊರಟು ಅರ್ಧಕ್ಕೆ ನಿಂತರು. ಮೇಲಿನ ಮನೆಯ ಹುಡುಗ ಇನ್ನೂ ಮುಂದೆ ಹೋದ. ನಿಮ್ಮವರೂ ಹೂಳುತ್ತಾರಾ? ಹಾಗಾದರೆ ನೀವು ಹಿಂದೂಗಳು ಹೌದೋ ಅಲ್ಲವೋ? ಅದುವರೆಗೆ ಆ ಪ್ರಶ್ನೆ ಕೇಳುವ ಕೆಲಸ ಮಾವನದಾಗಿತ್ತು. ಮೂರು ಕಟ್ಟಡಕ್ಕೆ ಹನ್ನೊಂದು ಸಹಿ ಆಯಿತು, ಅದರಲ್ಲಿ ಎರಡು ನಮ್ಮ ಮನೆಯವೇ. ನನಗೆ ಮಜಾ ಉಳಿಯಲಿಲ್ಲ.

ಆ ವಾರ ದೇವಮಿತ್ರ ಕಾಕಾ ತಾವೇ ಮನೆಗೆ ಬಂದರು. ಏಳು ವರ್ಷದ ಮೇಲೆ. "ಈರಣ್ಣಾ, ನಿಂದೊಂದು ನಂದೊಂದು ಅರ್ಜಿ ಬ್ಯಾಡ. ಹೂಳವರೆಲ್ಲ ಕೂಡಿ ಒಂದ ಹಾಕೂಣು" ಎಂದರು. ಮಾವ ಎದ್ದು ನಿಂತರು.

"ನನ್ನ ಹೇಣ್ತಿ ನರಕದಾಗ ಅದಾಳ ಅಂತ ಹೇಳಾಕ ಬಂದಿದ್ರು ನಿಮ್ಮವರು. ನೀನ ಕಳಿಸಿದ್ದಿ ಅಂವನ್ನ."

"ನಾನ ಕಳಿಸಿದ್ದೆ. ಗೆಳ್ಯಾನ ಮನ್ಯಾಗ ದುಃಖ ಅದ, ಹೋಗಿ ಸುಮ್ಮ ಕುಂತ ಬರ್ರಿ ಅಂದಿದ್ದೆ. ಸುಮ್ಮ ಕೂಡೂದು ಅವಂಗ ಬರೂದುಲ್ಲೊ. ನಮ್ಮ ಮಂದೀಗೆ ಯಾರಿಗೂ ಬರೂದುಲ್ಲ. ದೇವರ ಬಗ್ಗೆ ಒಂದೀಟ ಗೊತ್ತಾದ್ರ ಸಾಕು, ಬ್ಯಾರೇದವರ ಗತಿ ಬರದ ಇಡತೇವಿ. ತಪ್ಪಾತು. ಚನ್ನಬಸವ್ವ ಎಲ್ಲಿ ಅದಾಳ ಅನ್ನೂದು ನನಗ ಗೊತ್ತದ. ಆಕಿ ಮಾಡಿದ ಕಡುಬು ತಿಂದಂವ ನಾ."

ಮಾವ ಅತ್ತರು. ನಾನೂ ಅತ್ತೆ, ಮುಚ್ಚಿಡುವುದೇನು.

ಜಂಟಿ ಅರ್ಜಿ ಹೋಯಿತು. ಹೋಗುವ ಮೊದಲು ಪಾಸ್ಟರ್ ತಕರಾರು ತೆಗೆದ, ಲಿಂಗ ಪೂಜಿಸುವವರ ಜೊತೆ ಒಂದೇ ಕಾಗದದಲ್ಲಿ ಸಹಿ ಹಾಕುವುದು ಹೇಗೆ ಎಂದು. ಅವನನ್ನು ಬಿಟ್ಟು ಕಾಕಾ ಸಹಿ ಹಾಕಿದರು. ವಾರ್ಡ್ ಕಚೇರಿಯವರು ಅರ್ಜಿ ತೆಗೆದುಕೊಂಡು, ಹೊಸದಾಗಿ ಸರ್ವೆ ಆಗಬೇಕು ಎಂದರು. ಆಯಿ ಸರ್ವೆಗೆ ಕಾಯಲಿಲ್ಲ. ಸಂಕ್ರಾಂತಿ ಮುಗಿದ ನಾಲ್ಕನೆಯ ದಿನ, ಬೆಳಗಿನ ಪೂಜೆ ಮುಗಿಸಿ ಅಲ್ಲೇ ಒರಗಿದರು.

ಕಾಕಾ ಓಡಿಬಂದರು. ಹಳೆಯ ಚರ್ಚಿನ ಸ್ಮಶಾನದಲ್ಲಿ ಅವರ ಮನೆತನಕ್ಕೆ ಒಂದು ಕುಣಿಯ ಜಾಗವಿತ್ತು, ಅವರಿಗೆಂದು ಇಟ್ಟದ್ದು. ಅದನ್ನು ಆಯಿಗೆ ಕೊಡುತ್ತೇನೆ ಎಂದರು. ಚರ್ಚಿನ ಕಮಿಟಿ ಎರಡು ತಾಸು ಕೂತು ತೀರ್ಮಾನಿಸಿತು: ದೀಕ್ಷಾಸ್ನಾನದ ಸರ್ಟಿಫಿಕೇಟ್ ಇಲ್ಲದವರಿಗೆ ಆಗುವುದಿಲ್ಲ. ಬದುಕಿರುವವರನ್ನು ಬಾ ಬಾ ಎಂದು ಮನೆಮನೆಗೆ ಬಂದು ಕರೆಯುವವರು, ಸತ್ತ ಮುದುಕಿಗೆ ಬಾಗಿಲು ಹಾಕಿದರು. ಕಾಕಾ ಕಮಿಟಿಗೆ ರಾಜೀನಾಮೆ ಕೊಟ್ಟು ಬಂದರು. ಅದರಿಂದ ಮಣ್ಣೇನೂ ಹುಟ್ಟಲಿಲ್ಲ.

ಮಧ್ಯಾಹ್ನ ಮೂರಕ್ಕೆ ವಿದ್ಯುತ್ ಚಿತಾಗಾರಕ್ಕೆ ಹೋದೆವು. ಸಂಸ್ಕಾರ ಮಾಡಿಸುವ ನಮ್ಮ ಅಯ್ಯನವರು, "ಸುಡೂದಕ್ಕ ನನ್ನ ಕಡೆ ಮಂತ್ರ ಇಲ್ರೀ" ಎಂದು ಬರಲಿಲ್ಲ. ಒಳಗೆ ಬಿಡುವ ಮೊದಲು ಅಲ್ಲಿಯವನು, ಮೈಮೇಲಿನ ಕಲ್ಲು, ಬೆಳ್ಳಿ ಏನಿದ್ದರೂ ತೆಗೆಯಿರಿ ಎಂದ. ಹುಟ್ಟಿದ ಎಂಟನೆಯ ದಿನಕ್ಕೆ ಕಟ್ಟಿದ್ದ ಲಿಂಗವನ್ನು ತೊಂಬತ್ತೆರಡು ವರ್ಷ ಕೊರಳಿನಿಂದ ಬಿಚ್ಚಿರಲಿಲ್ಲ ಆಯಿ. ಮಾವ ತಾವೇ ಬಿಚ್ಚಿದರು. ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ.

ಮನೆಗೆ ಬಂದು ಮಾವ ಆಯಿಯ ಮಂಚದ ಮೇಲೆ ಕೂತರು, ಲಿಂಗ ಮುಷ್ಟಿಯಲ್ಲೇ ಇತ್ತು. ಅವರ ಫೋನು ಗುಂಯ್ಗುಟ್ಟುತ್ತಲೇ ಇತ್ತು. ಚಾಳೀಸು ಕನ್ನಡಕ ಎಲ್ಲೋ ಬಿಟ್ಟುಬಂದಿದ್ದರು. "ಏನಂತ ಬಂದದ ಓದ" ಎಂದರು. ಮೊದಲು ಸುಳ್ಳು ಹೇಳೋಣ ಎನ್ನಿಸಿತು. ಆಮೇಲೆ, ಇಲ್ಲ, ಕೇಳಲಿ ಎಂದುಕೊಂಡು ಇದ್ದದ್ದನ್ನು ಇದ್ದ ಹಾಗೆ ಕನ್ನಡ ಮಾಡಿ ಓದಿದೆ. ಹೂಳುವ ಪದ್ಧತಿಯನ್ನು ಬಿಟ್ಟು, ನಮ್ಮ ಸಂಸ್ಕೃತಿಯಂತೆ ತಾಯಿಗೆ ಅಗ್ನಿಸಂಸ್ಕಾರ ಮಾಡಿದ ಈರಣ್ಣ ಕಾಕಾ ಅವರ ಬಗ್ಗೆ ಇಡೀ ಸೊಸೈಟಿಗೆ ಹೆಮ್ಮೆ ಇದೆ. ಕೆಳಗೆ ಸಾಲುಸಾಲು ಮುಗಿದ ಕೈಗಳು.

"ಇನ್ನೊಮ್ಮೆ ಓದ" ಎಂದರು.

ಓದಿದೆ.

"ಇನ್ನೊಮ್ಮೆ."

ಮೂರನೆಯ ಸಲ ಓದಲು ನನ್ನಿಂದ ಆಗಲಿಲ್ಲ.