ಪುಟ್ಟಿಯ ತೂಕ

ಲಾಯದಲ್ಲಿ ಎಲ್ಲರೂ ಅವನನ್ನು ತಕ್ಕಡಿ ಮಾವ ಎಂದೇ ಕರೆಯುತ್ತಿದ್ದರು. ಕುದುರೆಯ ಸುತ್ತ ಒಂದು ಸುತ್ತು ನಡೆದರೆ ಸಾಕು, ತೂಕ ಇಷ್ಟು ಎಂದು ಹೇಳಿಬಿಡುತ್ತಿದ್ದ. ಹತ್ತಿಪ್ಪತ್ತು ಕಿಲೋ ಆಚೀಚೆ ಆದರೆ ಆಯಿತು, ಅಷ್ಟೇ.

ಜಂತುಹುಳದ ಔಷಧಿ ಹಾಕುವ ದಿನ ಈ ಕಣ್ಣಳತೆಗೆ ಎಲ್ಲಿಲ್ಲದ ಮರ್ಯಾದೆ. ಔಷಧಿ ಬರುವುದು ಪೇಸ್ಟ್ ತುಂಬಿದ ಸಿರಿಂಜಿನಲ್ಲಿ. ಅದರ ಹಿಡಿಯ ಮೇಲೆ ತೂಕದ ಗೆರೆಗಳೂ ಔಷಧಿಯ ಅಳತೆ ನಿಲ್ಲಿಸುವ ಒಂದು ಉಂಗುರವೂ ಇರುತ್ತವೆ. ಕುದುರೆಯ ತೂಕಕ್ಕೆ ತಕ್ಕ ಗೆರೆಗೆ ಉಂಗುರ ತಿರುಗಿಸಿ, ಬಾಯಿಯ ಮೂಲೆಯಿಂದ ನಾಲಿಗೆಯ ಹಿಂದಕ್ಕೆ ಒತ್ತಬೇಕು. ನುಂಗುವ ತನಕ ಗದ್ದ ಎತ್ತಿ ಹಿಡಿಯಬೇಕು. ಹದಿನೆಂಟು ವರ್ಷ ಅವನು ಅದನ್ನೇ ಮಾಡಿದ್ದ.

ಅವನ ಹೆಂಡತಿ ದರ್ಜಿ. ಒಮ್ಮೆ ಬುತ್ತಿ ತಂದವಳು ಕುತ್ತಿಗೆಯ ಟೇಪು ತೆಗೆದು ಚಾಚಿದಳು.

"ಅಳೆದು ಹಾಕಬಾರದೇನ್ರೀ? ಎದೆ ಸುತ್ತಳತೆಯಿಂದ ತೂಕ ಗೊತ್ತಾಗತ್ತೆ ಅಂತ ಕುದುರೆ ಡಾಕ್ಟ್ರಮ್ಮ ಎಷ್ಟು ಸಲ ಹೇಳಿದಾರೆ."

"ಯಾಕೆ, ಇವಕ್ಕೂ ಅಂಗಿ ಹೊಲೀತೀಯಾ? ತೋಳು ನಾಲ್ಕು ಇಡಬೇಕು ನೋಡು."

"ಮೊದಲು ನಿಮ್ಮ ಬಾಯಿಗೆ ಗುಂಡಿ ಹೊಲೀತೀನಿ" ಎಂದು ಅವಳು ಟೇಪನ್ನು ಮತ್ತೆ ಕುತ್ತಿಗೆಗೆ ಹಾಕಿಕೊಂಡಳು.

ಪುಟ್ಟಿ ಎಂಬ ಕಂದು ಕುದುರೆಯನ್ನು ಸಾಕಿದವನು ಅವನೇ. ಅದು ಹುಟ್ಟಿದ ದಿನವೇ ತಾಯಿ ಸತ್ತಿತ್ತು. ಮರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಟಲಿಯಲ್ಲಿ ಹಾಲು ಕುಡಿಸಿದ್ದ. ಒಂಬತ್ತನೆಯ ವರ್ಷಕ್ಕೆ ಪುಟ್ಟಿ ಸೊರಗತೊಡಗಿತು. ಕೂದಲು ಹೊಳಪು ಕಳೆದುಕೊಂಡಿತು, ಲದ್ದಿ ನೀರಾಯಿತು. ಡಾಕ್ಟ್ರಮ್ಮ ಬಂದು ಲದ್ದಿ ಪರೀಕ್ಷೆ ಮಾಡಿಸಿದರು. ಅದರ ತುಂಬ ಹುಳದ ಮೊಟ್ಟೆ.

"ಮಾವ, ಇದಕ್ಕೆ ಎಷ್ಟರ ಗೆರೆಗೆ ಇಡ್ತಿದ್ರಿ?"

"ಮುನ್ನೂರು."

ಅವರು ಪುಟ್ಟಿಯ ಎದೆಗೆ ಟೇಪು ಸುತ್ತಿ ಲೆಕ್ಕ ಹಾಕಿದರು. "ಇಷ್ಟು ಬಡಕಲಾದ ಮೇಲೂ ನಾನೂರ ಇಪ್ಪತ್ತು ಕಿಲೋ ಇದೆ. ಅರೆಬರೆ ಔಷಧಿಗೆ ಹುಳ ಸಾಯಲ್ಲ ಮಾವ, ಪಳಗ್ತವೆ. ಬೇರೆ ಕುದುರೆಗಳಿಗೆಲ್ಲ ಸರಿಯಾಗೇ ಹಾಕಿದೀರಿ. ಇದೊಂದಕ್ಕೆ ಯಾಕೆ ಹೀಗೆ?"

ಅವನು ಬೇರೆ ಕುದುರೆಗಳ ಸುತ್ತ ಪ್ರತಿ ಸಲವೂ ನಡೆದು ನೋಡುತ್ತಿದ್ದ. ಪುಟ್ಟಿಯ ಸುತ್ತ ನಡೆದದ್ದೇ ಇಲ್ಲ. ನಮ್ಮ ಮಗು ನಮಗೆ ಗೊತ್ತಿಲ್ಲವೇ ಎಂದುಕೊಂಡು, ಎರಡು ವರ್ಷದ ಮರಿಯಾಗಿದ್ದಾಗ ಇಟ್ಟ ಗೆರೆಗೇ ಉಂಗುರ ತಿರುಗಿಸುತ್ತ ಬಂದಿದ್ದ. ಅವನ ಕಣ್ಣಿಗೆ ಅದು ಬೆಳೆದೇ ಇರಲಿಲ್ಲ.

ಡಾಕ್ಟ್ರಮ್ಮ ಔಷಧಿ ಬದಲಿಸಿದರು, ಡ್ರಿಪ್ ಹಾಕಿದರು. ಐದನೆಯ ದಿನ ಮಧ್ಯಾಹ್ನ ಪುಟ್ಟಿ ಮಲಗಿದ್ದು ಮತ್ತೆ ಏಳಲಿಲ್ಲ. ಅವನು ಹುಲ್ಲಿನ ಮೇಲೆ ಕೂತು ಅದರ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡ. ಸ್ವಲ್ಪ ಹೊತ್ತಿಗೇ ತೊಡೆ ಜೋಮು ಹಿಡಿಯಿತು. ತಲೆಯೊಂದೇ ಇಷ್ಟು ಭಾರ ಇತ್ತೆಂದು ಅವನಿಗೆ ತಿಳಿದದ್ದು ಆಗಲೇ. ಉಸಿರು ನಿಂತ ಮೇಲೂ ಕಾಲು ತೆಗೆಯಲಿಲ್ಲ.

ವಾರ ಕಳೆದ ಮೇಲೆ ಹೊಲಿಗೆ ಯಂತ್ರದ ಪಕ್ಕ ಬಂದು ನಿಂತ.

"ನಿನ್ನ ಟೇಪು ಕೊಡ್ತೀಯಾ?"

"ಒಂದು ಸಾಕಾಗಲ್ಲ, ಕುದುರೆ ಎದೆಗೆ ಸುತ್ತು ಬರಲ್ಲ" ಎಂದಳು. ಪೆಟ್ಟಿಗೆಯಿಂದ ಇನ್ನೊಂದು ತೆಗೆದು, ಎರಡರ ತುದಿ ಕೂಡಿಸಿ ಹೊಲಿದು, ಅಂಕಿ ತಪ್ಪದಂತೆ ಜೋಡಣೆಯನ್ನು ಎರಡೆರಡು ಸಲ ನೋಡಿ ಅವನ ಕೈಗಿಟ್ಟಳು. ಅಂದು ಅವನು ಆಡಿದ್ದ ಅಂಗಿಯ ಮಾತನ್ನು ಅವಳು ಎತ್ತಲಿಲ್ಲ. ಎತ್ತಿ ನಾಲ್ಕು ಮಾತು ಅಂದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.