ಒಣ ಹಾಸಿಗೆ

ದಿನವೂ ಸಂಜೆ ವಿಭೂತಿ ಹಚ್ಚಿಕೊಂಡು, ಆ ದಿನ ಶಿವ ಮಾಡಿದ ಉಪಕಾರಗಳನ್ನು ಅವನೆದುರಿಗೇ ಎಣಿಸಿ ಹೇಳುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ಮಗಳ ಜ್ವರ ಇಳಿಯಿತು, ಇಂಥವೇ. ಆ ರೂಢಿಯಿಂದಲೇ ಒಂದು ಜೀವ ಕಳೆದೆ.

ಎಪ್ಪತ್ತರ ದಶಕದ ಒಂದು ಬೇಸಿಗೆ. ಸೊಕ್ಕೆ ಕಡೆಯ ನಮ್ಮ ಹಳ್ಳಿಗೆ ಕಾಲರಾ ಬಂತು. ಬಸ್ಸು ನಿಂತಿತು. ಶಾಲೆಯ ಎರಡು ಕೋಣೆಗಳೇ ಆಸ್ಪತ್ರೆಯಾದವು. ಡಾಕ್ಟರು ಮೂರು ದಿನಕ್ಕೊಮ್ಮೆ ಬರುತ್ತಿದ್ದರು. ಆ ವಾರವೇ ನಮ್ಮತ್ತೆಗೆ ಹೊಟ್ಟೆನೋವು, ವಾಂತಿ ಶುರುವಾಯಿತು. ಶಾಲೆಗೆ ಒಯ್ದೆವು. ವಾಂತಿ ಕಂಡ ಕಾಂಪೌಂಡರು ಬೇರೇನೂ ಕೇಳದೆ ಕಾಲರಾದವರ ಸಾಲಿನಲ್ಲೇ ಮಲಗಿಸಿ ಸಲೈನ್ ಹಾಕಿದರು.

ಅತ್ತೆಯ ಬಟ್ಟೆ ಒಗೆಯುವವಳು ನಾನು. ಸುತ್ತಲಿನ ಚಾಪೆಗಳೆಲ್ಲ ಭೇದಿಯಲ್ಲಿ ನೆನೆದಿದ್ದವು. ಅತ್ತೆಯ ಹಾಸಿಗೆ ಮಾತ್ರ ಒಣಗಿಯೇ ಇತ್ತು. ನೀನು ಬರೀ ವಾಂತಿ ಕೊಟ್ಟೆ, ಭೇದಿ ಕೊಡಲಿಲ್ಲ, ದೊಡ್ಡ ಉಪಕಾರ ಎಂದು ಆ ಸಂಜೆ ಶಿವನಿಗೆ ಹೇಳಿದೆ. ಮರುದಿನ ಸಂಜೆಯೂ ಹೇಳಿದೆ. ಪಕ್ಕದ ಚಾಪೆಯವರಿಗೂ ಹೆಮ್ಮೆಯಿಂದ ಹೇಳಿದೆ.

ಅತ್ತೆಯ ತೊಡೆಸಂದಿಯಲ್ಲಿ ಅಡಿಕೆಯಷ್ಟು ಗಂಟಿದ್ದುದು ನನಗೆ ಗೊತ್ತಿತ್ತು. ಮಲಗಿ ಒತ್ತಿದರೆ ಒಳಗೆ ಹೋಗುತ್ತಿತ್ತು. “ಯಾರ ಮುಂದಾದ್ರೂ ಬಾಯಿ ಬಿಟ್ಟೀಯಾ, ಹೊನ್ನಾಳಿಗೆ ಅಟ್ಟಿಬಿಡ್ತೀನಿ” ಎಂದಿದ್ದರು. ಹೊನ್ನಾಳಿ ನನ್ನ ತವರು. ಈಗ ನೋವಿನಲ್ಲೂ ಅವರ ಕೈ ಅಲ್ಲೇ ಇತ್ತು.

“ಒಳಗೆ ಹೋಗ್ತಿಲ್ಲೇನತ್ತೆ?”

“ಬಾಯಿ ಮುಚ್ಚೇ. ಗಂಡಸ್ರು ಅದಾರೆ.”

ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ಬಂದರು.

“ಭೇದಿ ಎಷ್ಟು ಸಲ ಆಯ್ತಮ್ಮ?”

“ಒಂದ್ ಸಲಾನೂ ಇಲ್ರಿ. ಶಿವ ಅಷ್ಟರಮಟ್ಟಿಗೆ ಕಾಪಾಡ್ಯಾನೆ.”

ಮುಂದಿನ ಚಾಪೆಗೆ ಹೊರಟಿದ್ದವರು ನಿಂತುಬಿಟ್ಟರು. “ಗಾಳಿಯಾದ್ರೂ ಹೋಗಿದೆಯಾ?” ಹೊಟ್ಟೆ ಮುಟ್ಟಿದರು. ಅದು ಉಬ್ಬಿ ಬಿಗಿದಿತ್ತು. ನಾನು ಅತ್ತೆಯ ಕೈ ಸರಿಸಿ ಗಂಟು ತೋರಿಸಿದೆ.

“ಕರುಳು ಸಿಕ್ಕಿಕೊಂಡಿದೆ. ಭೇದಿಯೇ ಇಲ್ಲ ಅಂದ್ಮೇಲೆ ಇದು ಕಾಲರಾ ಅಲ್ಲವೇ ಅಲ್ಲ. ಮೊದಲ ದಿನವೇ ಆಪರೇಷನ್ ಆಗಬೇಕಿತ್ತು. ಈಗಲೇ ದಾವಣಗೆರೆಗೆ ಹೊರಡಿಸಿ.”

“ಮಾನ ಕಳೆದ್ಯಲ್ಲೇ” ಎಂದು ಅತ್ತೆ ಗೋಡೆಗೆ ಮುಖ ತಿರುಗಿಸಿದರು. ನನ್ನೊಂದಿಗೆ ಅವರು ಆಡಿದ ಕೊನೆಯ ಮಾತು ಅದು.

ಡಾಕ್ಟರನ್ನು ಇಳಿಸಿದ ಜೀಪು ಆಗಲೇ ನಾಲ್ವರು ರೋಗಿಗಳನ್ನು ತುಂಬಿಕೊಂಡು ಹೋಗಿತ್ತು. ಜಗಳೂರು ಮುಟ್ಟಿದರೆ ಲಾರಿ ಸಿಗುತ್ತದೆಂದು ನನ್ನ ಗಂಡ ಎತ್ತಿನ ಗಾಡಿ ಕಟ್ಟಿದರು. ಮುಂದಿನ ಊರಿನವರು ದಾರಿಗೆ ಮುಳ್ಳು ಎಳೆದು, ಬಡಿಗೆ ಹಿಡಿದು ನಿಂತಿದ್ದರು.

“ಕಾಲರಾ ಗಾಡಿ! ತಿರುಗಿಸ್ರಿ ವಾಪಸ್!”

“ಕಾಲರಾ ಅಲ್ರಣ್ಣಾ, ಕರುಳಿನ ಗಂಟು” ಎಂದು ನನ್ನ ಗಂಡ ಕೈಮುಗಿದರು.

“ಗಂಟಂತೆ! ಎಲ್ಲೈತೆ, ತೋರಿಸ್ರಿ ಮತ್ತೆ” ಎಂದು ಒಬ್ಬ ನಕ್ಕ.

ನಾನು ಅತ್ತೆಯ ಸೀರೆಗೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದರು. ಮೂರು ದಿನ ಗುಟುಕು ನೀರೂ ನಿಲ್ಲದ ಹೆಂಗಸಿಗೆ ಆ ಬಲ ಎಲ್ಲಿಂದ ಬಂತೋ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

ಗಾಡಿ ಹೊಲಗಳ ಮೇಲೆ ಸುತ್ತು ಹಾಕಿ ಹೋಯಿತು. ಉತ್ತ ಮಣ್ಣಿನ ಹೆಂಟೆಯ ಮೇಲೆ ಗಾಲಿ ಎದ್ದು ಬಿದ್ದಾಗಲೆಲ್ಲ ಅತ್ತೆ ಕೂಗಿದರು. ಆಮೇಲೆ ಕೂಗಲಿಲ್ಲ. ಜಗಳೂರು ಕಾಣುವಷ್ಟರಲ್ಲಿ ಮುಗಿದಿತ್ತು.

ಮಣ್ಣು ಮಾಡಿ ಬಂದ ಸಂಜೆಯೂ ವಿಭೂತಿ ಹಚ್ಚಿಕೊಂಡು ಕುಳಿತೆ. ಹುಡುಕಿದರೆ ಒಂದೇ ಉಪಕಾರ ಸಿಕ್ಕಿತು: ಆ ಗಂಡಸರು ಯಾರೂ ಏನನ್ನೂ ನೋಡಲಿಲ್ಲ. ಅದನ್ನು ಶಿವನಿಗೆ ಹೇಳಿದೆ. ಎರಡು ಸಂಜೆ ಉಪಕಾರವೆಂದು ಒಪ್ಪಿಸಿದ್ದ ಆ ಒಣ ಹಾಸಿಗೆಯನ್ನು ವಾಪಸು ಕೇಳುವುದು ಹೇಗೆಂದು ಮಾತ್ರ ಇವತ್ತಿಗೂ ಗೊತ್ತಿಲ್ಲ.